ಅತ್ತೆ ಹೆರೆದು ತೆಗೆದ ಮುದ್ರೆ

ಅತ್ತೆಯ ಬಾಯಿ ಮತ್ತೆ ತೆರೆದದ್ದು ಸುತ್ತಿಗೆಯ ದೆಸೆಯಿಂದ ಎಂದು ಸೊಸೆ ನಂಬಿದ್ದಳು.

ಮಾವ ತೀರಿಕೊಂಡ ಮೇಲೆ ಅತ್ತೆ ಮಾತು ಬಿಟ್ಟಿದ್ದರು. ಅತ್ತು ಕರೆದು ಮಾಡಿದ್ದರೆ ಯಾರಾದರೂ ಸಮಾಧಾನ ಹೇಳಬಹುದಿತ್ತು, ಹಾಗೇನೂ ಮಾಡಲಿಲ್ಲ. ಕೇಳಿದ್ದಕ್ಕೆ ಹೂಂ, ಇಲ್ಲವೆ ಉಹೂಂ. ಊಟಕ್ಕೆ ಕರೆದರೆ ಬಂದು ಕೂರುವರು, ತಟ್ಟೆ ತೊಳೆದಿಟ್ಟು ಮತ್ತೆ ಕಿಟಕಿಯ ಪಕ್ಕದ ಕುರ್ಚಿಗೆ ಹೋಗುವರು. ಹಾಲಿನವನ ಜೊತೆ ಶುರುಮಾಡಿದ ಮಾತನ್ನು ತರಕಾರಿಯವನ ಜೊತೆ ಮುಗಿಸುತ್ತಿದ್ದ ಹೆಂಗಸು ಅವರು. ಮನೆಯಲ್ಲಿ ಎಲ್ಲರೂ ತುದಿಗಾಲಲ್ಲಿ ನಡೆಯತೊಡಗಿದರು. ಏನೇ ತಾಪತ್ರಯವಿದ್ದರೂ ಮಗ, ಸೊಸೆ ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಪಿಸುದನಿಯಲ್ಲಿ ಮಾತಾಡಿಕೊಳ್ಳುವರು. ಪಾಪ, ಅವರಿಗೆ ಯಾಕೆ ಇದೆಲ್ಲ.

ಆ ದಿನಗಳಲ್ಲೇ ಸೊಸೆ ಮನೆಯ ಹಿಂದಿನ ಶೆಡ್ಡಿನಲ್ಲಿ ಬಣ್ಣದ ಮೆರುಗು ಕೊಟ್ಟ ಹೂಕುಂಡಗಳನ್ನು ಮಾಡಿ ಅಂಗಡಿಗಳಿಗೆ ಕಳಿಸಲು ಆರಂಭಿಸಿದ್ದು. ಮೊದಲ ಲಾರಿಯಲ್ಲಿ ಹೋದ ಕುಂಡಗಳಲ್ಲಿ ಅರ್ಧಕ್ಕರ್ಧ ಬಿರುಕು ಬಿಟ್ಟು ವಾಪಸ್ಸು ಬಂದವು. ಲಾರಿಯ ತಳದ ಮೇಲೇ ಪೆಟ್ಟಿಗೆಗಳನ್ನಿಟ್ಟಿದ್ದರು. ರಸ್ತೆಯ ಒಂದೊಂದು ಕುಲುಕಾಟವೂ ಸೀದಾ ಕುಂಡಕ್ಕೆ ತಾಗಿತ್ತು. ಒಡೆದ ಚೂರುಗಳನ್ನು ಸೆರಗಿನಲ್ಲಿ ತುಂಬಿಕೊಂಡು ಒಳಗೆ ಬಂದವಳು, ಎದುರಿಗೆ ಅತ್ತೆಯೇ ಇದ್ದರೆಂದು, ತಡೆಯಲಾರದೆ ಅಂದುಬಿಟ್ಟಿದ್ದಳು:

"ಇದನ್ನ ಹೇಗತ್ತೆ ಕಳಿಸೋದು? ನನಗೇನೂ ತೋಚ್ತಿಲ್ಲ."

ಅತ್ತೆ ಚೂರುಗಳನ್ನು ನೋಡಿದರು. ಎದ್ದು ಹಿತ್ತಲಿಗೆ ಹೋಗಿ, ಮಾವನ ಮರಗೆಲಸದ ಕೋಣೆಯ ಚಿಲಕ ತೆಗೆದರು. ಸ್ವಲ್ಪ ಹೊತ್ತಿಗೆ ಒಳಗಿಂದ ಕೂಗು ಬಂತು: "ಮೊಳೆ ಡಬ್ಬ ಎಲ್ಲಿಟ್ಟಿದೀರೇ? ಒಂದು ಸಾಮಾನೂ ಇಟ್ಟ ಜಾಗದಲ್ಲಿರಲ್ಲ ಈ ಮನೇಲಿ!"

ಸೊಸೆಗೆ ಬೈಗುಳ ಅಷ್ಟು ಹಿತವಾಗಿ ಕೇಳಿದ್ದು ಅದೇ ಮೊದಲು.

ಗಂಡನ ಜೊತೆ ಇಷ್ಟು ಕಾಲ ಬಾಳಿದವರು ಮರ ಮೊಳೆಗಳ ಕೆಲಸವನ್ನು ನೋಡಿಯೇ ಕಲಿತಿದ್ದರು. ಹಳೆಯ ಪೆಟ್ಟಿಗೆಗಳನ್ನು ಬಿಚ್ಚಿ, ಕೆಳಗೆ ತೊಲೆ, ಮೇಲೆ ಹಲಗೆ ಹೊಡೆದು, ನೆಲದಿಂದ ಗೇಣೆತ್ತರ ನಿಲ್ಲುವ ಅಟ್ಟಣೆಯೊಂದನ್ನು ಮಾಡಿದರು. ಅದನ್ನು ಪ್ಯಾಲೆಟ್ ಎನ್ನುತ್ತಾರೆಂದು ಆಮೇಲೆ ಲಾರಿಯವನು ಹೇಳಿದ. ಕುಂಡಗಳ ಪೆಟ್ಟಿಗೆಗಳನ್ನು ಅದರ ಮೇಲೆ ಕಟ್ಟಿ ಕಳಿಸಿದ ಮೇಲೆ ಒಡೆಯುವುದು ನಿಂತಿತು. ಅತ್ತೆಯ ಪ್ಯಾಲೆಟ್ಟುಗಳು ಶೆಡ್ಡಿನ ಬಾಗಿಲಿಗೆ ಸರಿಯಾಗಿ ಹಿಡಿಯುವ ಅಗಲ; ಒಬ್ಬರಿಗೆ ಎತ್ತಲಾಗದ ಭಾರ; ಹೊರುವವರ ಕೈಗೆ ಸೀಳು ಚುಚ್ಚಬಾರದೆಂದು ಅಂಚುಗಳನ್ನೆಲ್ಲ ಮಾವನ ಕೀಸುಳಿಯಿಂದ ಹೆರೆದು, ತೊಟ್ಟಿಲಿನಂತೆ ನುಣುಪು ಮಾಡಿರುತ್ತಿದ್ದರು.

"ಇದರ ಮೇಲೆ ಕುಂಡ ಯಾಕಮ್ಮ ಇಡ್ತೀರ?" ಎಂದು ಲಾರಿಯವನು ನಗುತ್ತಿದ್ದ. "ಹಾಸಿಗೆ ಹಾಸಿ ನಾನೇ ಮಲಗ್ತೀನಿ."

"ಮಲಕ್ಕೋ. ನಿನ್ನನ್ನೂ ಕಟ್ಟಿ ಕಳಿಸ್ತೀನಿ. ಆದ್ರೆ ನೀನು ಒಡೆದ್ರೆ ವಾಪಸ್ಸು ತಗೊಳಲ್ಲ."

ಹಿತ್ತಲಿನ ಸುತ್ತಿಗೆಯ ಸದ್ದು ಕೇಳುತ್ತಿದ್ದರೆ ಸೊಸೆಯ ಕೈ ತಿಗರಿಯ ಮೇಲೆ ತಾನಾಗಿ ಓಡುತ್ತಿತ್ತು. ಸದ್ದು ನಿಂತರೆ ತಲೆಯೆತ್ತಿ ನೋಡುವಳು. ಮೊಳೆ ಹುಡುಕುತ್ತಿದ್ದಾರೆ, ಅಷ್ಟೇ, ಎಂದು ತಿಳಿದ ಮೇಲೆಯೇ ಮತ್ತೆ ತಲೆ ತಗ್ಗಿಸುವಳು.

ಹೀಗಿರುವಾಗ ಸಮುದ್ರದಾಚೆಯ ದೇಶದಿಂದ ಮೊದಲ ಆರ್ಡರು ಬಂತು. ಕುಂಡಗಳ ಬಣ್ಣ, ಎತ್ತರ ಎಲ್ಲ ಒಪ್ಪಿಗೆ. ಕೊನೆಯಲ್ಲಿ ಒಂದು ಷರತ್ತು: ಸರಕಿನ ಕೆಳಗೆ ಮರವಿದ್ದರೆ ಅದನ್ನು ಹುಳ ಸಾಯುವಷ್ಟು ಕಾಯಿಸಿರಬೇಕು, ಕಾಯಿಸಿದ್ದಕ್ಕೆ ಗುರುತಾಗಿ ಅದರ ಮೇಲೆ ಮುದ್ರೆ ಇರಬೇಕು. ಪ್ಯಾಲೆಟ್ಟು ಇಷ್ಟೇ ಉದ್ದಗಲ ಇರಬೇಕು, ಎತ್ತುವ ಯಂತ್ರದ ಕೊಂಬು ನಾಲ್ಕು ಕಡೆಯಿಂದಲೂ ತೂರುವಂತಿರಬೇಕು.

ಸೊಸೆ ಓದಿ ಮುಗಿಸಿದಾಗ ಹಿತ್ತಲಿನಲ್ಲಿ ಸುತ್ತಿಗೆ ನಡೆಯುತ್ತಿತ್ತು. ಆರ್ಡರು ಬರಲಿದೆಯೆಂದು ಕೇಳಿ, ಅದಕ್ಕೆಂದೇ ಅತ್ತೆ ಬೆಳಗ್ಗೆಯಿಂದ ಕೂತಿದ್ದರು. 'ನಿಮ್ಮವು ಬೇಡ' ಎಂದು ಹೇಳಬೇಕು. ಹೇಳಿದರೆ ಆ ಕುರ್ಚಿ, ಆ ಹೂಂ, ಆ ಉಹೂಂ. ಆರ್ಡರೇ ಬೇಡವೆಂದು ಬರೆದುಬಿಡಲೇ ಎಂದು ಒಂದು ಗಳಿಗೆ ಯೋಚಿಸಿದಳು. ಬರೆಯಲು ಮನಸ್ಸು ಬರಲಿಲ್ಲ. ತನ್ನ ಕುಂಡ ಹಡಗು ಹತ್ತುವುದನ್ನು ನೋಡಲು ಅವಳಿಗೂ ಆಸೆಯಿತ್ತು.

ಯಾರಿಗೂ ಹೇಳದೆ ಪ್ಯಾಲೆಟ್ ಮಾರುವವನ ಅಂಗಳಕ್ಕೆ ಹೋದಳು. ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡ ದಪ್ಪ ಮನುಷ್ಯ; ಒಂದು ಕೇಳಿದರೆ ಹತ್ತು ಹೇಳುವವನು.

"ಮೂರು ಜಾತಿ ಇದೆ ನೋಡಿ ಮೇಡಂ. ಇದು ಪ್ಲಾಸ್ಟಿಕ್. ಹುಳ ಇಲ್ಲ, ಮುದ್ರೆ ಬೇಕಿಲ್ಲ, ತೊಳೀಬಹುದು. ಆದ್ರೆ ಬೆಲೆ ಜಾಸ್ತಿ, ಹೋದದ್ದು ವಾಪಸ್ಸು ಬರಲ್ಲ, ಮತ್ತೆ ಪೆಟ್ಟಿಗೆ ಜಾರುತ್ತೆ. ಇದು ಮರದ ಪುಡಿ ಒತ್ತಿ ಮಾಡಿದ್ದು. ಹಗುರ, ಇದಕ್ಕೂ ಮುದ್ರೆ ಬೇಡ. ನೆನೆದ್ರೆ ಮಾತ್ರ ರಸ್ಕ್ ಥರ ಆಗುತ್ತೆ. ನಿಮ್ಮದೇನು ಸರಕು?"

"ಹೂಕುಂಡ."

"ಹಾಗಾದ್ರೆ ಸುಮ್ನೆ ಯೋಚನೆ ಬಿಡಿ. ಕಾಯಿಸಿದ ಮರವೇ ಸರಿ. ಭಾರ ತಡೆಯುತ್ತೆ, ಒಂದು ಹಲಗೆ ಮುರಿದ್ರೆ ಅದೊಂದನ್ನ ಬದಲಾಯಿಸಬಹುದು. ಪೆಟ್ಟಿಗೆ ಮಾತ್ರ ಅಂಚಿಂದ ಆಚೆ ಚಾಚಬಾರದು. ಪೆಟ್ಟಿಗೆ ಶಕ್ತಿ ಇರೋದೇ ಮೂಲೇಲಿ. ಮೂಲೆ ಗಾಳೀಲಿ ನಿಂತ್ರೆ ಕೆಳಗಿಂದು ಚಪ್ಪಟೆ."

ಅವನು ಹೇಳಿದ್ದು ಸರಿಯೆನಿಸಿತು. ಕಾಯಿಸಿದ ಮರದ್ದನ್ನೇ ಆರಿಸಿದಳು. ಅತ್ತೆಗೆ ಹೇಳಬೇಕಾದದ್ದನ್ನು ಮಾತ್ರ ದಾರಿಯುದ್ದಕ್ಕೂ ಹೊಸೆದಳು, ಬಿಚ್ಚಿದಳು, ಮತ್ತೆ ಹೊಸೆದಳು. ಮನೆ ಮುಟ್ಟುವಾಗ ಸಿಹಿಯಾದ ಒಂದು ಸುಳ್ಳು ತಯಾರಾಗಿತ್ತು.

"ಅತ್ತೆ, ನಿಮ್ಮ ಭುಜ ನೋಯ್ತಿದೆ ಅಲ್ವಾ, ಪಾಪ. ಈ ಸಲ ಒಂದಷ್ಟು ಪ್ಯಾಲೆಟ್ ಹೊರಗಿಂದ ತರಿಸ್ತಿದೀನಿ. ಸ್ವಲ್ಪ ಆರಾಮ ಮಾಡಿ."

ಅತ್ತೆ ಸುತ್ತಿಗೆ ಕೆಳಗಿಟ್ಟು ಅವಳ ಮುಖ ನೋಡಿದರು. "ನನ್ನ ಭುಜ ನೋಯ್ತಿದೆ ಅಂತ ನಿನಗೆ ಯಾರು ಹೇಳಿದ್ರು?"

"ನನಗೆ ಗೊತ್ತಾಗಲ್ವಾ?"

"ಹೂಂ," ಎಂದರು ಅತ್ತೆ. ಸೊಸೆ ಬೇಗಬೇಗ ಶೆಡ್ಡಿನ ಕಡೆ ನಡೆದಳು.

ಶೆಡ್ಡಿನಲ್ಲಿ ಪೆಟ್ಟಿಗೆ ಕಟ್ಟುವ ಹೆಂಗಸಿಗೆ ಗಮ್‌ಟೇಪ್ ಎಂದೇ ಅಡ್ಡಹೆಸರು. ಟೇಪಿನ ಸುರುಳಿಯನ್ನು ಬಳೆಯಂತೆ ಮೊಣಕೈವರೆಗೆ ಏರಿಸಿಕೊಂಡೇ ಓಡಾಡುವಳು. ಅವಳಿಗೆ ವಿಷಯ ಗೊತ್ತಿತ್ತು.

"ಅಕ್ಕ, ದೊಡ್ಡಮ್ಮಂಗೆ ಇದ್ದದ್ದು ಇದ್ದಹಾಗೆ ಹೇಳಿಬಿಡಿ. ಸೂಜಿ ಚುಚ್ಚಿದ ಹಾಗೆ, ಚುರುಕ್ ಅಂದು ಮುಗಿಯುತ್ತೆ."

"ನೀನು ಸುಮ್ನಿರೇ. ಅವರನ್ನ ಆ ಸ್ಥಿತೀಲಿ ನೀನು ನೋಡಿಲ್ಲ."

ಲಾರಿ ಬರುವ ಹಿಂದಿನ ದಿನ ಪ್ಯಾಲೆಟ್ಟುಗಳು ಬಂದಿಳಿದವು. ಸೊಸೆಗೆ ಅವತ್ತೇ ಹಡಗಿನ ಏಜೆಂಟರ ಕಚೇರಿಯಲ್ಲಿ ಕೆಲಸ. ಹೋಗಿ, ಕಾದು, ಸಹಿ ಹಾಕಿ ಸಂಜೆ ಮನೆಗೆ ಬಂದಾಗ ಗೇಟಿನ ಹತ್ತಿರವೇ ಹಸಿ ಮರದ ವಾಸನೆ ಮೂಗಿಗೆ ಬಡಿಯಿತು. ಹಿತ್ತಲು ತುಂಬ ಮರದ ಸಿಪ್ಪೆ. ರಟ್ಟು ತರಲು ಪೇಟೆಗೆ ಹೋಗಿ ಆಗಷ್ಟೇ ಬಂದ ಗಮ್‌ಟೇಪ್ ಮೂಲೆಯಲ್ಲಿ ಕಣ್ಣುಬಾಯಿ ಬಿಟ್ಟು ನಿಂತಿದ್ದಳು. ಪ್ಯಾಲೆಟ್ಟುಗಳು ಒಂದರ ಮೇಲೊಂದು ಅಚ್ಚುಕಟ್ಟಾಗಿ ಕೂತಿದ್ದವು. ಒಂದೊಂದೂ ನುಣ್ಣಗೆ, ಬೆಳ್ಳಗೆ, ಸ್ನಾನ ಮಾಡಿಸಿದ ಮಕ್ಕಳಂತೆ.

ಅತ್ತೆ ಕೀಸುಳಿಯನ್ನು ಕೈಯಲ್ಲೇ ಹಿಡಿದುಕೊಂಡು ಹೆಮ್ಮೆಯಿಂದ ಹತ್ತಿರ ಬಂದರು.

"ನೋಡು. ದೂರದೇಶದೋರ ಕಣ್ಣಿಗೆ ಬೀಳೋ ಸಾಮಾನು, ಹೀಗಾ ಕಳಿಸೋದು ಅವನು? ಮೈಯೆಲ್ಲ ಸೀಳು. ಅದು ಸಾಲದು ಅಂತ ಒಂದೊಂದಕ್ಕೂ ಕರ್ರಗೆ ಸುಟ್ಟ ಕಲೆ, ತೆನೆ ಚಿತ್ರವಂತೆ, ಅಕ್ಷರವಂತೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ್ರಂತೆ. ಈ ಹಲಗೆಗೆ ಏನು ಜ್ವರ ಬಂದಿತ್ತು ಅಂತ ಬರೆ? ಎಲ್ಲ ಹೆರೆದು ತೆಗೆದೆ. ಒಂದರಲ್ಲೂ ಬಿಟ್ಟಿಲ್ಲ."

ಸೊಸೆ ಮೇಲಿನದನ್ನು ನೋಡಿದಳು, ಅದರ ಕೆಳಗಿನದನ್ನು ನೋಡಿದಳು, ಕೂತು ಎಲ್ಲಕ್ಕಿಂತ ಕೆಳಗಿನದನ್ನೂ ನೋಡಿದಳು.

"ಅಯ್ಯೋ ಅತ್ತೆ! ಏನ್ ಮಾಡಿಬಿಟ್ರಿ! ಆ ಮುದ್ರೆ ಇಲ್ದೆ ಇದನ್ನ ಹಡಗಿಗೇ ಹತ್ತಿಸಲ್ಲ! ಅದಕ್ಕೋಸ್ಕರಾನೇ ಇದನ್ನ ಕೊಂಡಿದ್ದು ನಾನು!"

"ಅದಕ್ಕೋಸ್ಕರವಾ?" ಎಂದರು ಅತ್ತೆ ನಿಧಾನವಾಗಿ. "ನನ್ನ ಭುಜಕ್ಕೋಸ್ಕರ ಅಂದಿದ್ದೆ."

ಅತ್ತೆ ಕೀಸುಳಿಯನ್ನು ಪ್ಯಾಲೆಟ್ಟಿನ ಮೇಲಿಟ್ಟು, ಸೀರೆಗೆ ಅಂಟಿದ ಸಿಪ್ಪೆ ಕೊಡವಿಕೊಂಡು ಒಳಗೆ ಹೋದರು. ಕಿಟಕಿಯ ಪಕ್ಕದ ಕುರ್ಚಿ ಕಿರ್ರೆಂದದ್ದು ಹಿತ್ತಲಿಗೂ ಕೇಳಿಸಿತು.

"ಒಳಗೆ ಹೋಗಿ ಅಕ್ಕ," ಎಂದಳು ಗಮ್‌ಟೇಪ್. "ಇಲ್ಲಿ ನಿಂತ್ರೆ ಮುದ್ರೆ ಏನೂ ಮತ್ತೆ ಮೊಳೆಯಲ್ಲ."

ಸೊಸೆ ಒಳಗೆ ಹೋಗಿ ಕುರ್ಚಿಯ ಹತ್ತಿರ ನೆಲದ ಮೇಲೆ ಕೂತಳು. ಅತ್ತೆ ಹೊರಗೆ ನೋಡುತ್ತಿದ್ದರು.

"ಅತ್ತೆ, ಬೈದುಬಿಡಿ."

ಅತ್ತೆ ಸೆರಗಿಗೆ ಅಂಟಿದ್ದ ಸಿಪ್ಪೆಯೊಂದನ್ನು ಕಿತ್ತು ಕಿಟಕಿಯಾಚೆ ಎಸೆದರು.

"ನಾನು ಸುಳ್ಳು ಹೇಳಿದೆ. ನೀವು ಮಾಡಿದ ಪ್ಯಾಲೆಟ್ ಬೇಡ ಅಂದ್ರೆ ನೀವು ಮತ್ತೆ ಹೀಗೆ ಕೂತುಬಿಡ್ತೀರಿ ಅಂತ ಹೆದರಿದ್ದೆ. ಈಗ ನೋಡಿ, ಹಾಗೇ ಆಯ್ತು."

"ಹೀಗೆ ಅಂದ್ರೆ?"

"ಮಾತಿಲ್ದೆ. ಮಾವ ಹೋದಾಗ ಕೂತಿದ್ರಲ್ಲ, ಹಾಗೆ. ನಿಮ್ಮ ಮಾತು ವಾಪಸ್ಸು ತಂದಿದ್ದೇ ಆ ಸುತ್ತಿಗೆ. ಅದನ್ನ ನಿಮ್ಮ ಕೈಯಿಂದ ಹೇಗೆ ಕಿತ್ಕೊಳ್ಳಲಿ?"

ಅತ್ತೆ ಈಗ ಅವಳ ಕಡೆ ತಿರುಗಿದರು. ಕೋಪವಿತ್ತು ಮುಖದಲ್ಲಿ, ಆದರೆ ಹಳೆಯ ಕೋಪ, ತುಂಬ ದಿನದಿಂದ ಮಡಿಸಿಟ್ಟದ್ದು.

"ಅವರು ಹೋದ್ಮೇಲೆ ಈ ಮನೇಲಿ ನನಗೆ ಯಾರು ಏನು ಹೇಳಿದ್ರಿ, ಹೇಳು ನೋಡೋಣ? ನಾನು ಅಡುಗೆಮನೆಗೆ ಬಂದ್ರೆ ಮಾತು ನಿಲ್ಲಿಸ್ತಿದ್ರಿ. ಏನೋ ಅಂದ್ರೆ 'ಏನಿಲ್ಲ ಅಮ್ಮ'. ಯಾಕೇ ಅಂದ್ರೆ 'ಏನಿಲ್ಲ ಅತ್ತೆ'. ನನ್ನ ಮಗನ್ನ ಬೇರೆ ಊರಿಗೆ ವರ್ಗ ಮಾಡಿ, ಅದು ಆಮೇಲೆ ರದ್ದಾಗಿದ್ದು ನನಗೆ ಗೊತ್ತಾಗಿದ್ದು ಹಾಲಿನವನಿಂದ! ಗಂಡ ಹೋದ್ರೆ ಕಿವೀನೂ ಹೋಯ್ತು ಅಂದ್ಕೊಂಡ್ರಾ? ಒಂದು ವಿಷಯ ಹೇಳದೋರ ಜೊತೆ ನಾನೇನು ಮಾತಾಡಲಿ? ಹೂಂ ಅನ್ನಬೇಕು, ಉಹೂಂ ಅನ್ನಬೇಕು."

ಸೊಸೆ ತನ್ನ ಅಂಗೈ ನೋಡಿಕೊಂಡಳು. ಬಾಗಿಲು ಮುಂದೆ ಮಾಡುತ್ತಿದ್ದದ್ದು ತನ್ನ ಕೈಯೇ.

"ಆಮೇಲೆ ನೀನೊಂದಿನ ಚೂರು ಹೊತ್ಕೊಂಡು ಬಂದು ಏನೂ ತೋಚ್ತಿಲ್ಲ ಅತ್ತೆ ಅಂದೆಯಲ್ಲ, ಆಗ ಅನ್ನಿಸ್ತು, ಸದ್ಯ, ನಾನಿನ್ನೂ ಈ ಮನೇಲಿದೀನಿ ಅಂತ. ಸುತ್ತಿಗೆಯಂತೆ ಸುತ್ತಿಗೆ! ಅವತ್ತು ನೀನು ಸೌಟು ಕೊಟ್ಟು ಕೇಳಿದ್ರೂ ಹಿಡೀತಿದ್ದೆ ಕಣೇ."

ಸೊಸೆ ಕಣ್ಣೊರೆಸಿಕೊಂಡಳು. ಇಷ್ಟು ಕಾಲ ಅತ್ತೆಯನ್ನು ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿಟ್ಟು ಕಾಪಾಡಿದೆ, ಆದರೆ ಒಳಗೆ ಉಸಿರಾಡಲು ಜಾಗವಿದೆಯೇ ಎಂದು ನೋಡಲಿಲ್ಲ ಎನಿಸಿತು.

"ಅಳೋದು ಆಮೇಲೆ ಇಟ್ಕೋ," ಎಂದರು ಅತ್ತೆ. "ಲಾರಿ ಬರೋದು ಯಾವಾಗ?"

"ನಾಳೆ ಸಂಜೆ."

"ಆ ಮುದ್ರೆ ಕಥೆ ಏನು? ಮೊದಲಿಂದ ಹೇಳು. ಒಂದೂ ಬಿಡಬೇಡ."

ಸೊಸೆ ಹೇಳಿದಳು. ಮರದೊಳಗಿನ ಹುಳ ಸಮುದ್ರ ದಾಟಿ ಬೇರೆ ದೇಶದ ಕಾಡಿಗೆ ಸೇರಿಕೊಳ್ಳುವುದು, ಅದಕ್ಕೇ ಮರವನ್ನು ಬಿಸಿಕೋಣೆಯಲ್ಲಿ ಒಳತಿರುಳಿನವರೆಗೆ ಕಾಯಿಸುವುದು, ಕಾಯಿಸಿದವರೇ ಗುರುತು ಒತ್ತುವುದು, ಗುರುತು ಅಳಿಸಿದರೆ ಕಾಯಿಸಿದ್ದೂ ಲೆಕ್ಕಕ್ಕಿಲ್ಲ. ಅತ್ತೆ ನಡುನಡುವೆ ಪ್ರಶ್ನೆ ಕೇಳಿದರು. ಕೊನೆಗೆ ಕಣ್ಣು ಮಿನುಗಿಸಿ ಅಂದರು:

"ಹಾಗಾದ್ರೆ ನನ್ನವನ್ನೇ ಬೇಯಿಸಿ ಮುದ್ರೆ ಒತ್ತಿಸಿಬಿಡೋಣ! ಒಂದನ್ನ ಮಾದರಿಗೆ ತಗೊಂಡು ಹೋಗೋಣ. ಗಾಡಿಗೆ ಹೇಳು."

ಸೊಸೆಗೆ ಗೊತ್ತಿತ್ತು, ಆಗುವುದಿಲ್ಲವೆಂದು. ಆದರೆ ಹಳೆಯ ಚಾಳಿ ಬಿಡಬೇಕಲ್ಲ. "ನೋಡೋಣ ಅತ್ತೆ," ಎಂದುಬಿಟ್ಟಳು.

ಬೆಳಗ್ಗೆ ಟೆಂಪೋದಲ್ಲಿ ಹೆರೆದ ಪ್ಯಾಲೆಟ್ಟುಗಳನ್ನೂ ಅವುಗಳ ಮೇಲೆ ಅತ್ತೆಯದೊಂದನ್ನೂ ಹೇರಿಕೊಂಡು ಇಬ್ಬರೂ ಹೋದರು. ಪ್ಯಾಲೆಟ್ ಮಾರುವವನು ತನ್ನದೇ ಮಾಲನ್ನು ಗುರುತಿಸಲಾರದೆ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

"ಮೇಡಂ, ಇದಕ್ಕೆ ಏನ್ ಮಾಡಿದ್ರಿ?"

"ಕ್ಷೌರ ಮಾಡಿಸ್ದೆ," ಎಂದರು ಅತ್ತೆ. "ನೀನು ಮಾಡ್ಸಿರಲಿಲ್ಲ ನೋಡು."

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ದಾರಿ ಹೇಳಿದ: ಬಿಸಿಕೋಣೆಯಿಂದ ಈಗಷ್ಟೇ ಹೊರಬಂದ, ಮುದ್ರೆ ಒತ್ತಿದ ಮಾಲಿದೆ, ಇವನ್ನು ಬಿಟ್ಟು ಅವನ್ನು ಒಯ್ಯಬಹುದು. ಇವು ಮುಂದಿನ ಸರದಿಯಲ್ಲಿ ಮತ್ತೆ ಕಾದು ಬೇರೆ ಗಿರಾಕಿಗೆ ಹೋಗುತ್ತವೆ. "ಇಷ್ಟು ನುಣುಪಾದ ಪ್ಯಾಲೆಟ್ ನನ್ನ ಜನ್ಮದಲ್ಲಿ ಮಾರಿಲ್ಲ. ತಗೊಂಡೋರು ಮನೆಗೆ ಟೀಪಾಯಿ ಮಾಡ್ಕೋತಾರೆ."

"ಅದಿರಲಿ. ಇದನ್ನ ನೋಡಪ್ಪ," ಎಂದು ಅತ್ತೆ ತಮ್ಮದನ್ನು ತೋರಿಸಿದರು. "ಇಂಥವು ಮನೇಲಿ ಇನ್ನಷ್ಟಿವೆ. ಬೇಯಿಸಿಕೊಡ್ತೀಯಾ?"

ಅವನು ಬಗ್ಗಿ ನೋಡಿದ. ಕೈಯಾಡಿಸಿದ. "ಚೆನ್ನಾಗಿದೆ ಅಮ್ಮ... ಬಹಳ ಚೆನ್ನಾಗಿದೆ... ನೋಡೋಣ..." ಎನ್ನುತ್ತ ಸೊಸೆಯ ಕಡೆ ಕಣ್ಣು ಹಾಯಿಸಿದ. ನೀವೇ ಏನಾದರೂ ಹೇಳಿ ಜಾರಿಸಿ ಎಂಬಂತಿತ್ತು ಆ ನೋಟ. ನಿನ್ನೆ ತಾನು ಅಂದ ಅದೇ 'ನೋಡೋಣ' ಅವನ ಬಾಯಲ್ಲಿ ಕೇಳಿದಾಗ ಸೊಸೆಗೆ ಮೈ ಚುರುಕ್ಕೆಂದಿತು.

"ಅತ್ತೆ," ಎಂದಳು. "ನಿಮ್ಮವು ಈ ಕೆಲ್ಸಕ್ಕೆ ಆಗಲ್ಲ."

ಅತ್ತೆ ಅವಳನ್ನೇ ನೋಡಿದರು.

"ಯಾಕೆ?"

"ಯಂತ್ರದ ಕೊಂಬು ಎರಡೇ ಕಡೆಯಿಂದ ತೂರುತ್ತೆ. ಅವರಿಗೆ ನಾಲ್ಕು ಕಡೆಯೂ ಬೇಕು."

"ಸರಿ. ಆಮೇಲೆ?"

"ಹಳೇ ಪೆಟ್ಟಿಗೆ ಮರ. ಇಲ್ಲಿ ನೋಡಿ, ಅಡಿ ತೊಲೇಲಿ ತೊಗಟೆ ಹಾಗೇ ಇದೆ. ತೊಗಟೆ ಇದ್ರೆ ಅವರು ಒಪ್ಪಲ್ಲ. ಮತ್ತೆ ಅಗಲ ಜಾಸ್ತಿ. ಹಡಗಿನ ಕಂಟೇನರಲ್ಲಿ ಎರಡು ಪಕ್ಕಪಕ್ಕ ನಿಲ್ಲಲ್ಲ."

"ನಮ್ಮ ಬಾಗಿಲಿಗೆ ಸರಿಯಾಗಿದೆ."

"ಬಾಗಿಲು ನಮ್ಮದು ಅತ್ತೆ. ಕಂಟೇನರು ಅವರದು."

ಅತ್ತೆ ತಮ್ಮ ಪ್ಯಾಲೆಟ್ಟಿನ ಅಡಿಗೆ ಬಗ್ಗಿ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿದರು. ಬೆನ್ನು ನೆಟ್ಟಗೆ ಮಾಡಲು ಕೊಂಚ ಹೊತ್ತು ಹಿಡಿಯಿತು. ಸೊಸೆ ಕೈ ಕೊಡಲು ಹೋಗಿ, ಬೇಡವೆಂದು ತಡೆದುಕೊಂಡಳು.

"ಇದನ್ನ ಆರ್ಡರು ಬಂದ ದಿನವೇ ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಅಷ್ಟೂ ಹೆರೆದು ನನ್ನ ಭುಜ ಬಿದ್ದುಹೋಗಿದೆ. ನೀನು ಹೇಳಿದ ಸುಳ್ಳು ನಿಜವಾಯ್ತು ನೋಡು." ಆಮೇಲೆ ಅಂಗಳದ ಕಡೆ ತಿರುಗಿದರು. "ಏನಪ್ಪ, ಆ ನೀಲಿದು ಏನು? ಪ್ಲಾಸ್ಟಿಕ್ಕಾ? ಅದೇ ಚೆನ್ನಾಗಿದೆಯಲ್ಲೇ, ಹುಳದ ತಂಟೇನೇ ಇಲ್ಲ."

"ಬೇಡ ಅತ್ತೆ. ಪೆಟ್ಟಿಗೆ ಜಾರುತ್ತೆ."

"ಕೆಳಗೆ ಒರಟು ರಟ್ಟು ಹಾಸು."

"ಹಾಸಿದ್ರೂ ನಮ್ಮ ಭಾರಕ್ಕೆ ಅದು ಬಾಗುತ್ತೆ. ಗಟ್ಟಿದು ಬೇಕು ಅಂದ್ರೆ ಬೆಲೆ ಬೇರೆ. ಅಲ್ದೆ ವಾಪಸ್ಸೂ ಬರಲ್ಲ."

"ಎಲ್ಲದಕ್ಕೂ ಬೇಡ ಅನ್ನೋದನ್ನ ಒಂದೇ ದಿನದಲ್ಲಿ ಕಲಿತುಬಿಟ್ಟೆ!"

"ನೀವೇ ಹೇಳಿಕೊಟ್ಟಿದ್ದು, ನಿನ್ನೆ."

ಪ್ಯಾಲೆಟ್ ಮಾರುವವನು ಕಿವಿಯ ಪೆನ್ಸಿಲ್ ತೆಗೆದು ತಲೆ ಕೆರೆದುಕೊಂಡ. ಅತ್ತೆ ಸೊಸೆ ಜಗಳವಾಡುತ್ತಿದ್ದಾರೋ ಆಟವಾಡುತ್ತಿದ್ದಾರೋ ಅವನಿಗೆ ತಿಳಿಯಲಿಲ್ಲ.

ಕೊನೆಗೆ ಕಾಯಿಸಿದ ಮರವೇ ಗಟ್ಟಿಯಾಯಿತು. ಆದರೆ ರಾಶಿಯಿಂದ ಆರಿಸುವ ಕೆಲಸವನ್ನು ಅತ್ತೆ ಬಿಟ್ಟುಕೊಡಲಿಲ್ಲ. ಬದನೆಕಾಯಿ ಆರಿಸುವಂತೆ ಒಂದೊಂದನ್ನೂ ಮಗುಚಿ ನೋಡಿದರು. ಮೊಳೆ ತಲೆಯೆತ್ತಿದ್ದು ಪಕ್ಕಕ್ಕೆ. ಹಲಗೆ ಸೀಳಿದ್ದು ಪಕ್ಕಕ್ಕೆ. ಮುದ್ರೆ ಅರ್ಧ ಮಸುಕಾದದ್ದನ್ನು ಕಂಡು, "ಇದು ನಾನಲ್ಲಪ್ಪ, ನೀನೇ," ಎಂದು ಅವನ ಕಡೆ ಸರಿಸಿದರು. ಗಂಟು ಬಿದ್ದ ಒಂದು ಹಲಗೆಯನ್ನು ಕೆಟ್ಟದ್ದೆಂದು ತಳ್ಳಿದಾಗ ಅವನು ಬಿಡಲಿಲ್ಲ. ಸಣ್ಣ ಗಂಟಿನಿಂದ ಏನೂ ಆಗದೆಂದು ಅದರ ಮೇಲೆ ತಾನೇ ನಿಂತು ಕುಣಿದು ತೋರಿಸಿದ. "ಸಾಕಪ್ಪ, ಇಳಿ, ಒಪ್ಪಿದೆ. ನಿನ್ನನ್ನೇ ತಡೆದ ಮೇಲೆ ಕುಂಡ ಯಾವ ಲೆಕ್ಕ," ಎಂದು ಅದನ್ನೂ ಸೇರಿಸಿಕೊಂಡರು.

ಬರುವಾಗ ಟೆಂಪೋದ ಮುಂದಿನ ಸೀಟಿನಲ್ಲಿ ಚಾಲಕನ ಪಕ್ಕ ಸೊಸೆ, ಬಾಗಿಲಿನ ಪಕ್ಕ ಅತ್ತೆ. ಸೇತುವೆ ದಾಟಿ, ಸಾಲುಗೋದಾಮುಗಳನ್ನು ದಾಟಿ ಬಂದರೂ ಅತ್ತೆ ಮಾತಾಡಲಿಲ್ಲ. ಏನಾದರೂ ಹೇಳಿ ಅವರ ಮನಸ್ಸು ತಿರುಗಿಸಬೇಕೆಂದು ಸೊಸೆಯ ನಾಲಿಗೆ ತುರಿಸಿತು. ಸಿಹಿಯಾದದ್ದು ಏನೇನೋ ಬಾಯಿಗೆ ಬಂತು. ಎಲ್ಲವನ್ನೂ ನುಂಗಿ ನೇರವಾಗಿ ಕೇಳಿದಳು:

"ಬೇಜಾರಾಯ್ತಾ ಅತ್ತೆ?"

"ಆಯ್ತು. ಆಗದೆ ಇರುತ್ತಾ? ಅಷ್ಟು ಮಾಡಿದ್ದೆ."

"ಹೂಂ."

"ನಿನ್ನ ಪಾಡಿಗೆ ನೀನಿರು. ಅದು ನನ್ನ ಬೇಜಾರು, ನಾನು ಪಟ್ಕೋತೀನಿ."

ಸೊಸೆ ತನ್ನ ಪಾಡಿಗೆ ತಾನಿದ್ದಳು. ಕಿಟಕಿಯ ಗಾಳಿಗೆ ಅತ್ತೆಯ ಕೂದಲಲ್ಲಿ ಉಳಿದಿದ್ದ ಮರದ ಪುಡಿ ಹಾರಿ ಅವಳ ಮಡಿಲಿಗೆ ಬೀಳುತ್ತಿತ್ತು. ಮೊದಲಾಗಿದ್ದರೆ ಆ ಮೌನಕ್ಕೆ ಎದೆ ಡವಗುಟ್ಟುತ್ತಿತ್ತು. ಇವತ್ತು ಅದು ಪಕ್ಕದಲ್ಲಿ ಕೂತ ಇನ್ನೊಬ್ಬ ಪ್ರಯಾಣಿಕನಂತೆ ಸುಮ್ಮನೆ ಕೂತಿತ್ತು.

ಮನೆಯ ತಿರುವಿನ ಹತ್ತಿರ ಅತ್ತೆ ಥಟ್ಟನೆ ಕೇಳಿದರು, "ಈ ಪ್ಯಾಲೆಟ್ಟೂ ಹೋದದ್ದು ವಾಪಸ್ಸು ಬರಲ್ವಾ?"

"ಇಲ್ಲ. ಇದೂ ಅಲ್ಲೇ."

"ಆಮೇಲೆ ಅವರು ಇದನ್ನ ಏನ್ ಮಾಡ್ತಾರೆ?"

"ಗೊತ್ತಿಲ್ಲ ಅತ್ತೆ. ಯಾರಾದ್ರೂ ಒಡೆದು ಉರಿಸ್ತಾರೇನೋ."

"ಉರಿಸ್ತಾರಾ! ಇಷ್ಟು ಒಳ್ಳೆ ಮರವಾ? ಅದಕ್ಕೆ ಮುದ್ರೆ ಬೇರೆ ಕೇಡು! ಅವರಿಗೆ ಬರೆದು ಕೇಳು. ಮನೆಗೆ ಹೋದ ತಕ್ಷಣ ಬರೆ. ಬೆಂಚು ಮಾಡ್ಕೋಬಹುದು, ಕುಂಡ ಇಡೋಕೆ ಅಟ್ಟಣೆ ಮಾಡ್ಕೋಬಹುದು ಅಂತ ಬರೆ. ಹೇಗೆ ಮಾಡೋದು ಅಂತ ನಾನು ಹೇಳ್ತೀನಿ, ನೀನು ಬರೀತಾ ಹೋಗು. ಏನಪ್ಪಾ ಡ್ರೈವರ್, ನೀನೇ ಹೇಳು, ಇದು ಉರಿಸೋ ಮರವಾ?"

ಚಾಲಕ ಅಲ್ಲವೆಂದ. ಸೊಸೆ, ಸಂಜೆಯೊಳಗೆ ಕುಂಡಗಳನ್ನೆಲ್ಲ ಕಟ್ಟಿ ಮುಗಿಸಬೇಕು, ಈಗ ಕಾಗದ ಬರೆಯುವ ಹೊತ್ತಲ್ಲ ಎಂದಳು. ಅತ್ತೆ ಒಪ್ಪಲಿಲ್ಲ. ಗೇಟಿನ ಮುಂದೆ ಟೆಂಪೋ ನಿಂತು, ಗಮ್‌ಟೇಪ್ ಓಡಿ ಬಂದು ಬಾಗಿಲು ತೆಗೆದಾಗಲೂ ಇಬ್ಬರೂ ಅದನ್ನೇ ವಾದಿಸುತ್ತಿದ್ದರು.